ಹಕ್ಕಿ ನೋಡಲು ಒಂದೇ ದಿನ ಇದ್ದರೆ: ಗಣೇಶಗುಡಿಯ ಕಾಡೋ, ಅಘನಾಶಿನಿಯ ಅಳಿವೆಯೋ, ಸೋಂದಾದ ಕೆರೆಯೋ?

ನವೆಂಬರ್ ಬಂತು ಅಂದರೆ ನನಗೆ ಫೋನ್ ಶುರುವಾಗುತ್ತದೆ. ನಾನಿರುವುದು ಶಿರಸಿಯಲ್ಲಿ, ಹಕ್ಕಿ ನೋಡುವ ಗುಂಪುಗಳ ಜೊತೆ ಆಗಾಗ ಹೋಗುತ್ತಿರುತ್ತೇನೆ ಅಂತ ಗೊತ್ತಿರುವವರು ಕೇಳುವುದು ಬಹುತೇಕ ಒಂದೇ ಪ್ರಶ್ನೆ. "ಒಂದು ಭಾನುವಾರ ಬಿಡುವಿದೆ. ಹತ್ತು ಜನ ಸೇರಿ ಟೂರಿಗೆ ಹೋಗೋಣ ಅಂತಿದ್ದೇವೆ. ದಾಂಡೇಲಿ ಕಡೆ ಹೋಗೋದಾ, ಕುಮಟಾ ಕಡೆ ಇಳಿಯೋದಾ? ಎಲ್ಲಿ ಜಾಸ್ತಿ ಹಕ್ಕಿ ಸಿಗುತ್ತೆ?"

ಎಲ್ಲಿ ಜಾಸ್ತಿ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಕ್ಕಿಗೇನೂ ಬರವಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್, ಕಚೇರಿ ಕೆಲಸದ ನಡುವೆಯೇ ಜಿಲ್ಲೆಯ ಹಕ್ಕಿಗಳ ಬಗ್ಗೆ ವಿವರವಾಗಿ ಬರೆದಿಟ್ಟಿದ್ದರು. ಅಷ್ಟು ಹಕ್ಕಿ ಇದ್ದರೂ ಜನ ಬೇಜಾರಲ್ಲಿ ವಾಪಸ್ ಬರುವುದುಂಟು. ಯಾಕೆ ಅಂದರೆ ಅವರು ಹೋದ ಹೊತ್ತು ತಪ್ಪಿರುತ್ತದೆ. ಕಾಡಿಗೆ ಹೋಗುವವರು ಸೂರ್ಯನನ್ನು ನೋಡಿ ಹೊರಡಬೇಕು, ಅಳಿವೆಗೆ ಹೋಗುವವರು ತಿಥಿ ನೋಡಿ, ಸೋಂದಾದ ಕೆರೆಗೆ ಹೋಗುವವರು ಮಳೆ ನೋಡಿ. ನಿಮ್ಮ ಹತ್ತಿರ ಇರುವ ಆ ಒಂದು ದಿನ ಯಾವುದಕ್ಕೆ ಹೊಂದುತ್ತದೆ ಅಂತ ಮೊದಲು ನೋಡಿ. ಜಾಗ ಆಮೇಲೆ ತಾನಾಗಿಯೇ ನಿಕ್ಕಿಯಾಗುತ್ತದೆ.

ಗಣೇಶಗುಡಿ ಮತ್ತು ದಾಂಡೇಲಿ

ಕಾಡಿನ ಹಕ್ಕಿ ಬೇಕು, ಫೋಟೋ ಬೇಕು ಅನ್ನುವವರಿಗೆ ನಾನು ಹೇಳುವುದು ಜೋಯಿಡಾ ತಾಲೂಕಿನ ಗಣೇಶಗುಡಿ. ಸೂಪಾ ಅಣೆಕಟ್ಟಿನ ಪಕ್ಕದ ಊರು ಇದು. ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಟ್ಟಿದ್ದ ಜಾಗದಲ್ಲಿ ಈಗ ಜಂಗಲ್ ಲಾಡ್ಜಸ್‌ನ ವಸತಿ ಇದೆ, ಹೆಸರೇ ಓಲ್ಡ್ ಮ್ಯಾಗಜಿನ್ ಹೌಸ್. ಅಲ್ಲಿ ಮರದ ನೆರಳಲ್ಲಿ ಹಕ್ಕಿಗಳಿಗೆ ಸ್ನಾನಕ್ಕೆ ಸಣ್ಣ ಸಣ್ಣ ನೀರಿನ ಗುಂಡಿ ಮಾಡಿಟ್ಟಿದ್ದಾರೆ. ಎದುರಿಗೆ ಮರೆಯಲ್ಲಿ ಕೂತುಕೊಂಡರೆ ಆಯಿತು, ಹಕ್ಕಿಯೇ ನಿಮ್ಮ ಹತ್ತಿರ ಬರುತ್ತದೆ.

ಇದರ ಬೆಲೆ ಗೊತ್ತಾಗುವುದು ಮಧ್ಯಾಹ್ನ. ನಮ್ಮ ಕಡೆಯ ಕಾಡು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತಾಡುತ್ತದೆ. ಹತ್ತರ ಮೇಲೆ ಬಿಸಿಲೇರಿದರೆ ಎಲ್ಲ ಚುಪ್. ಆಗ ಕಾಡಲ್ಲಿ ತಿರುಗಿದರೆ ಬೆವರು ಮಾತ್ರ ಸಿಗುತ್ತದೆ. ಆದರೆ ಬೇಸಿಗೆ ಹತ್ತಿರವಾದಂತೆ, ಅದೇ ಹೊತ್ತಿನಲ್ಲಿ ಹಕ್ಕಿಗಳು ನೀರು ಹುಡುಕುತ್ತವೆ. ಫೆಬ್ರವರಿಯ ಒಂದು ಮಧ್ಯಾಹ್ನ ನಾನು ಅಲ್ಲಿ ಎರಡು ತಾಸು ಅಲ್ಲಾಡದೆ ಕೂತಿದ್ದೆ. ಮೊದಲು ಬಂದಿದ್ದು ಕೆಂಪು ಗಂಟಲಿನ ಪಿಕಳಾರ. ಕಪ್ಪು ತಲೆ, ಅರಿಶಿನ ಮೈ, ಗಂಟಲಲ್ಲಿ ಮಾತ್ರ ಕೆಂಡದ ಚುಕ್ಕೆ. ನೀರಿಗಿಳಿದು ಎದೆ ಅದ್ದಿತು, ರೆಕ್ಕೆ ಬಡಿಯಿತು, ಮೇಲೆ ಹಾರಿ ಕೊಂಬೆಯಲ್ಲಿ ಕೂತು ಒಂದೊಂದೇ ಗರಿ ತೀಡಿತು. ಮತ್ತೆ ಇಳಿಯಿತು. ಹೀಗೆ ನಾಲ್ಕು ಸಲ. ಅದು ಹೋದ ಮೇಲೆ ಕಿತ್ತಳೆ ತಲೆಯ ಥ್ರಷ್ ಬಂತು, ಆಮೇಲೆ ಪಚ್ಚೆ ಪಾರಿವಾಳ. ಪಾರಿವಾಳ ನೆಲದ ಮೇಲೆ ನಡೆದುಕೊಂಡೇ ಬಂತು. ಅದರ ಹೆಜ್ಜೆಗೆ ಒಣ ಎಲೆ ಸದ್ದಾಗುವುದು ನನಗೆ ಕೇಳುತ್ತಿತ್ತು.

ಗಣೇಶಗುಡಿ ಸುತ್ತಮುತ್ತ ಕಾಕರಣೆ ಹಕ್ಕಿ (ಟ್ರೋಗನ್), ಭೀಮರಾಜ, ಮಲಬಾರ್ ಕುಟ್ರ, ಎಲೆ ಹಕ್ಕಿ, ಚಳಿಗಾಲದಲ್ಲಿ ನವರಂಗ ಎಲ್ಲ ಸಿಗುತ್ತವೆ. ನೀಲಿಕಿವಿ ಮಿಂಚುಳ್ಳಿಗೆ ಈ ಊರು ಹೆಸರುವಾಸಿ. ಕಪ್ಪೆಬಾಯಿ ಹಕ್ಕಿ ಹಗಲಿಡೀ ಪೊದೆಯಲ್ಲಿ ಒಣ ಎಲೆಯ ಹಾಗೆ ಕೂತಿರುತ್ತದೆ. ಸ್ಥಳೀಯ ಗೈಡ್ ಬೆರಳು ತೋರಿಸಿದ ಮೇಲೂ ಅರ್ಧ ನಿಮಿಷ ಕಾಣುವುದಿಲ್ಲ, ಕಂಡ ಮೇಲೆ ಬೇರೇನೂ ಕಾಣುವುದಿಲ್ಲ.

ಮಂಗಟ್ಟೆ (ಹಾರ್ನ್‌ಬಿಲ್) ನೋಡಬೇಕು ಅಂತಲೇ ಬರುವವರಿಗೆ ದಾಂಡೇಲಿ ಊರೇ ಒಳ್ಳೆಯದು. ಟಿಂಬರ್ ಡಿಪೋ ಸುತ್ತಮುತ್ತ, ಕಾಳಿ ನದಿ ದಂಡೆಯ ಹಣ್ಣಿನ ಮರಗಳಲ್ಲಿ ಕಪ್ಪು ಬಿಳುಪಿನ ಮಲಬಾರ್ ಮಂಗಟ್ಟೆ ಗುಂಪಾಗಿ ಕಾಣುತ್ತದೆ. ದಾಸ ಮಂಗಟ್ಟೆ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ರೆಕ್ಕೆಯ ಬುಡದಲ್ಲಿ ಸಣ್ಣ ಗರಿಗಳ ಮುಚ್ಚಿಗೆ ಸಾಲದೆ, ಗರಿಗಳ ಸಂದಿನಲ್ಲಿ ಗಾಳಿ ನುಗ್ಗಿ ಉಗಿಬಂಡಿಯಂಥ ಸದ್ದು ಬರುತ್ತದೆ. ಜನವರಿ, ಫೆಬ್ರವರಿ ಹೊತ್ತಿಗೆ ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು, ಪೊಟರೆಯ ಬಾಯಿಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಬಿಡುವುದು ಒಂದು ಸೀಳು ಮಾತ್ರ. ಹೊರಗಿನ ಗಂಡು ಗಂಟಲಲ್ಲಿ ಹಣ್ಣು ತುಂಬಿಕೊಂಡು ಬಂದು, ತಲೆ ಎತ್ತಿ ಒಂದೊಂದೇ ಕಕ್ಕಿ ಕೊಕ್ಕಿನ ತುದಿಗೆ ತಂದು, ಆ ಸೀಳಿನಲ್ಲಿ ಕೊಡುತ್ತದೆ. ನಾನು ಒಮ್ಮೆ ದೂರದಿಂದ ಎಣಿಸಿದ್ದೆ, ಒಂದೇ ಸಲಕ್ಕೆ ಹದಿನೇಳು ಹಣ್ಣು ಕೊಟ್ಟಿತು. ಅದು ಹಾರಿಹೋದ ಮೇಲೂ ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಗೂಡಿನ ಕಾಲದಲ್ಲಿ ಆ ಮರದ ಬುಡಕ್ಕೆ ಕರೆದೊಯ್ಯುತ್ತೇವೆ ಅನ್ನುವ ಟೂರ್ ಬೇಡವೇ ಬೇಡ. ಜನ ನಿಂತಿದ್ದರೆ ಗಂಡು ಹತ್ತಿರ ಬರುವುದಿಲ್ಲ. ಒಳಗಿರುವವರು ಉಪವಾಸ.

ಈ ಕಡೆಯ ತೊಂದರೆ ದೂರ. ಶಿರಸಿಯಿಂದಲೋ ಕಾರವಾರದಿಂದಲೋ ಬೆಳಿಗ್ಗೆ ಹೊರಟು ಬೆಳಗಿನ ಹಕ್ಕಿ ಹಿಡಿಯುತ್ತೇನೆ ಅನ್ನುವುದು ಆಗದ ಮಾತು. ಹಿಂದಿನ ರಾತ್ರಿಯೇ ಅಲ್ಲಿ ಉಳಿಯಬೇಕು. ಒಂದು ಸಲ ಇಪ್ಪತ್ನಾಲ್ಕು ಜನರ ಒಂದು ಟೂರಿನಲ್ಲಿ ನಾನೂ ಹೋಗಿದ್ದೆ. ಮಿನಿಬಸ್ಸು ತಲುಪಿದ್ದು ಬೆಳಿಗ್ಗೆ ಹತ್ತು ಗಂಟೆಗೆ. ಇಳಿದು ತಿಂಡಿ ತಿನ್ನುವಷ್ಟರಲ್ಲಿ ಹನ್ನೊಂದು. ನಡೆಯುವ ಸಾಲು ಎಷ್ಟು ಉದ್ದ ಇತ್ತು ಅಂದರೆ, ಮುಂದಿನವರು ಕಾಕರಣೆ ನೋಡಿ ಮುಗಿಸಿ, ಹಿಂದಿನವರು ಬಂದು ಸೇರುವಾಗ ಬರೀ ಕೊಂಬೆ ಇತ್ತು. ಹಿಂದೆ ಉಳಿದವರಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮ್ಮ ಇದ್ದರು. ಆ ಹಕ್ಕಿಗಾಗಿಯೇ ಬಂದವರು. ಅವರ ಮುಖ ನನಗೆ ಇನ್ನೂ ನೆನಪಿದೆ.

ಜೀಪ್ ಸಫಾರಿ ಬಗ್ಗೆ ಎರಡೇ ಮಾತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಫಾರಿ ಪ್ರಾಣಿ ನೋಡಲು ಚೆಂದ. ಹಕ್ಕಿಗೆ ಆಗಿಬರುವುದಿಲ್ಲ, ಎಂಜಿನ್ ಸದ್ದಿನಲ್ಲಿ ಕೂಗು ಕೇಳುವುದೇ ಇಲ್ಲ.

ಅಘನಾಶಿನಿ ಅಳಿವೆ

ನನ್ನ ಮನಸ್ಸಿಗೆ ಹತ್ತಿರದ್ದು ಇದು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ನೀರು ಒಂದೂ ಅಣೆಕಟ್ಟಿಗೆ ಸಿಗದೆ ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಹೆಸರಾಯಿತು. ಬೆಳಚು (ಕೆಸರಿನ ಚಿಪ್ಪುಜೀವಿ) ಹೆಕ್ಕುವವರು, ಏಡಿ ಹಿಡಿಯುವವರು, ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರು, ಹಕ್ಕಿಗಳು, ಎಲ್ಲರಿಗೂ ಇಲ್ಲಿ ಅನ್ನ ಇದೆ.

ಇಲ್ಲಿಗೆ ಬರುವ ಟೂರುಗಳು ಮಾಡುವ ದೊಡ್ಡ ತಪ್ಪು ಭರತ, ಇಳಿತ (ಕಡಲ ನೀರು ಏರುವುದು, ಇಳಿಯುವುದು) ನೋಡದೆ ದಿನ ಗೊತ್ತು ಮಾಡುವುದು. ನಾನೂ ಒಮ್ಮೆ ಹಾಗೆ ಬಂದ ಗುಂಪಿನ ಜೊತೆ ಇದ್ದೆ. ಬೆಳಿಗ್ಗೆ ಏಳಕ್ಕೇ ತದಡಿ ದಂಡೆಯಲ್ಲಿ ನಿಂತೆವು. ಎದುರಿಗೆ ಬರೀ ನೀರು. ಪೂರಾ ಭರತ. ಹಕ್ಕಿ ಮೇಯುವ ಕೆಸರೆಲ್ಲ ಆಳುದ್ದ ನೀರಿನ ಕೆಳಗೆ. ಎರಡು ಗರುಡ, ನಾಲ್ಕು ಬೆಳ್ಳಕ್ಕಿ ಬಿಟ್ಟರೆ ಮತ್ತೇನಿಲ್ಲ. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದವರು, "ಮಧ್ಯಾಹ್ನ ಬರ್ಬೇಕಿತ್ತು ನೀವು" ಅಂದರು. ಅಷ್ಟರಲ್ಲಿ ನಮ್ಮ ಬಸ್ಸು ಗೋಕರ್ಣಕ್ಕೆ ಹೊರಟಾಗಿತ್ತು.

ಲೆಕ್ಕ ಸುಲಭ. ಭರತ ದಿನಕ್ಕೆ ಎರಡು ಸಲ, ಇಳಿತ ಎರಡು ಸಲ, ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಭರತ ಮಧ್ಯಾಹ್ನದ ಹತ್ತಿರ ಬರುತ್ತದೆ, ಇಳಿತ ನಸುಕಿಗೆ ಮತ್ತು ಸಂಜೆಗೆ. ಅಲ್ಲಿಂದ ಮೂರು ನಾಲ್ಕು ದಿನ ಕಳೆದರೆ ಇಳಿತ ಬೆಳಿಗ್ಗೆ ಎಂಟರ ಆಸುಪಾಸಿಗೆ ಸರಿಯುತ್ತದೆ. ಹಕ್ಕಿ ನೋಡಲು ಇದೇ ಸರಿಯಾದ ದಿನ, ಬಿಸಿಲೂ ಏರಿರುವುದಿಲ್ಲ. ಮೊಬೈಲಿನಲ್ಲೇ ಭರತದ ವೇಳಾಪಟ್ಟಿ ಸಿಗುತ್ತದೆ. ನೋಡದೆ ದಿನ ನಿಕ್ಕಿ ಮಾಡಬೇಡಿ. ಇಳಿತ ಮುಗಿದು ನೀರು ಏರುವ ಮೊದಲ ಎರಡು ತಾಸು ಎಲ್ಲಕ್ಕಿಂತ ಚೆನ್ನ. ನೀರು ತಳ್ಳಿದ ಹಾಗೆ ಹಕ್ಕಿಗಳು ನಿಮ್ಮ ಕಡೆಗೇ ಸರಿಯುತ್ತಾ ಬರುತ್ತವೆ. ಭರತ ತುಂಬಿದ ಮೇಲೆ ಗಜನಿಯ ದಂಡೆ, ಸಾಣಿಕಟ್ಟಾದ ಉಪ್ಪಿನ ಆಗರದ ಕಡೆ ಒಂದು ಸುತ್ತು ಹಾಕಿ. ವಿಶ್ರಾಂತಿಗೆ ಕೂತವು ಅಲ್ಲಿ ಕಾಣಬಹುದು.

ಕೆಸರಲ್ಲಿ ಏನಿರುತ್ತದೆ ಅಂದರೆ, ಮೊದಲ ನೋಟಕ್ಕೆ ಏನೂ ಇಲ್ಲ. ಬೂದು ನೆಲ ಅಷ್ಟೇ. ದುರ್ಬೀನು ಹಿಡಿದ ಮೇಲೆ ನೆಲವೇ ಓಡಾಡುತ್ತದೆ. ಗುಬ್ಬಿಗಿಂತ ಸ್ವಲ್ಪ ದೊಡ್ಡದಾದ ಪ್ಲವರ್‌ಗಳು ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಹೆಕ್ಕಿ, ಮತ್ತೆ ಓಡುತ್ತವೆ. ಟಿಬೆಟ್ಟಿನಂಥ ಎತ್ತರದ ಬಯಲಲ್ಲಿ ಮರಿ ಮಾಡಿ, ಚಳಿಗೆ ನಮ್ಮೂರಿನ ಕೆಸರಿಗೆ ಬಂದವು ಅವು. ಕಂದುತಲೆಯ ಕಡಲಕ್ಕಿಗಳೂ ಅಷ್ಟೇ. ಒಂದು ದಿನ ನಾನು ಒಂದು ವ್ಹಿಂಬ್ರೆಲ್ ನೋಡುತ್ತಾ ಕೂತೆ. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ಹಕ್ಕಿ ಅದು. ಬಿಲದಿಂದ ಏಡಿ ಎಳೆಯಿತು. ಕಾಲು ಹಿಡಿದು ಜೋರಾಗಿ ಝಾಡಿಸಿತು. ಒಂದು ಕಾಲು ಉದುರಿತು, ಮತ್ತೊಂದು ಉದುರಿತು, ಬರೀ ದುಂಡಗಿನ ಮೈ ಉಳಿದ ಮೇಲೆ ನುಂಗಿತು. ಅದರಿಂದ ಇಪ್ಪತ್ತು ಮಾರು ದೂರದಲ್ಲಿ ಹೆಂಗಸರು ಸೊಂಟಕ್ಕೆ ಸೀರೆ ಸಿಕ್ಕಿಸಿ ಬೆಳಚು ಹೆಕ್ಕುತ್ತಿದ್ದರು. ಅವರಿಗೆ ಅದು ಹೆದರಲಿಲ್ಲ. ನಾವು ದಂಡೆಯಿಂದ ಹತ್ತು ಹೆಜ್ಜೆ ಇಳಿದದ್ದೇ ತಡ, ಹಾರಿತು. ದಿನಾ ಕಾಣುವವರು ಯಾರು, ಹೊಸಬರು ಯಾರು ಅಂತ ಅದಕ್ಕೆ ಗೊತ್ತು.

ಹಾಗಾಗಿ ಅಳಿವೆಯಲ್ಲಿ ಕೆಸರಿಗೆ ಇಳಿಸುವ ಟೂರ್ ಬೇಡ. ದಂಡೆಯಲ್ಲಿ ಕೂರಿಸುವ, ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡಿನ ಮೇಲಿಡುವ ದೂರದರ್ಶಕ) ತರುವ ಟೂರ್ ಹುಡುಕಿ. ಸ್ಕೋಪ್ ಒಂದಿದ್ದರೆ ಹನ್ನೆರಡು ಜನರ ಗುಂಪೂ ಸರದಿಯಲ್ಲಿ ಆರಾಮಾಗಿ ನೋಡಬಹುದು. ಸಣ್ಣ ದೋಣಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿಗೆ ಹೋಗುವುದಾದರೆ ಕಪ್ಪುತಲೆ ಮಿಂಚುಳ್ಳಿ ಸಿಗುವ ಸಾಧ್ಯತೆ ಜಾಸ್ತಿ.

ಕಷ್ಟ ಏನು ಅಂದರೆ, ಹೊಸಬರಿಗೆ ಇಲ್ಲಿಯ ಹಕ್ಕಿಗಳು ಎಲ್ಲ ಒಂದೇ ಥರ ಕಾಣುತ್ತವೆ. ಚಳಿಗಾಲದ ಬೂದು ಬಣ್ಣ, ಒಂದೇ ಅಳತೆ. ಬಣ್ಣ ನೋಡಬೇಕು ಅಂತ ಮೊದಲ ಸಲ ಬರುವ ಮಕ್ಕಳನ್ನು ನಾನು ಇಲ್ಲಿಗೆ ಕಳಿಸುವುದಿಲ್ಲ. ನವೆಂಬರಿನಿಂದ ಫೆಬ್ರವರಿ ಕಾಲ.

ಕಾರವಾರದ ದೋಣಿ

ಕಾಳಿ ಕಡಲು ಸೇರುವಲ್ಲಿ, ದೇವಬಾಗ್ ಕಡೆಯಿಂದ ಕೂರ್ಮಗಡ ದ್ವೀಪದ ಸುತ್ತ ದೋಣಿಯಲ್ಲಿ ಹೋಗುವುದು. ನಡೆಯಲಾರದ ಹಿರಿಯರು, ಮಕ್ಕಳು ಜೊತೆಗಿದ್ದರೆ ಇದೇ ಸರಿ. ಹಕ್ಕಿಗಳ ಲೆಕ್ಕ ಕಡಿಮೆ, ಆದರೆ ಬಿಳಿ ಹೊಟ್ಟೆಯ ಕಡಲ ಹದ್ದು ತಲೆ ಮೇಲೆ ಹಾದುಹೋದರೆ ದಿನ ತುಂಬಿತು ಅಂತಲೇ. ಅದು ದಂಡೆಯ ಎತ್ತರದ ಮರದಲ್ಲಿ ವರ್ಷ ವರ್ಷವೂ ಅದೇ ಗೂಡಿಗೆ ಕಡ್ಡಿ ಸೇರಿಸುತ್ತಾ ಹೋಗುತ್ತದೆ. ರೀವಗಳು (ಟರ್ನ್), ಗರುಡಗಳು, ಅದೃಷ್ಟ ಇದ್ದರೆ ಡಾಲ್ಫಿನ್. ಮಧ್ಯಾಹ್ನದ ಮೇಲೆ ಗಾಳಿ ಎದ್ದು ದೋಣಿ ಕುಣಿಯುತ್ತದೆ, ದುರ್ಬೀನು ಹಿಡಿಯಲಾಗದು. ಬೆಳಿಗ್ಗೆಯೇ ಹೋಗಿ. ಲೈಫ್ ಜಾಕೆಟ್ ಎಲ್ಲರಿಗೂ ಇಲ್ಲ ಅಂದರೆ ದೋಣಿ ಹತ್ತಬೇಡಿ.

ಸೋಂದಾದ ಮುಂಡಿಗೆಕೆರೆ, ಮತ್ತೆ ಅತ್ತಿವೇರಿ

ಬಿಡುವು ಸಿಗುವುದೇ ಮಳೆಗಾಲದಲ್ಲಿ ಅನ್ನುವವರಿಗೆ ಮೇಲಿನ ಮೂರೂ ಆಗುವುದಿಲ್ಲ. ಅವರಿಗೆ ಮುಂಡಿಗೆಕೆರೆ ಇದೆ. ಶಿರಸಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್, ಸೋಂದಾದಲ್ಲಿ. ಸಣ್ಣ ಕೆರೆ. ಅದರ ತುಂಬ ಮುಂಡಿಗೆ, ಚಾಪೆ ಹೆಣೆಯುವ ಮುಳ್ಳಂಚಿನ ಎಲೆಯ ಗಿಡ. ಮಳೆ ಹಿಡಿಯುವ ಹೊತ್ತಿಗೆ ಬೆಳ್ಳಕ್ಕಿಗಳು ಬಂದು ಆ ಮುಂಡಿಗೆ ಮೇಲೆ ಗೂಡು ಕಟ್ಟುತ್ತವೆ. ಸುತ್ತ ನೀರು, ಎಲೆಗೆ ಮುಳ್ಳು. ಬೆಕ್ಕೂ ಹೋಗಲಾರದು, ಹಾವಿಗೂ ಕಷ್ಟ. ಮಳೆ ಕಳೆದು ಮರಿ ಹಾರಿದ ಮೇಲೆ ಜಾಗ ಬಿಡುತ್ತವೆ.

ಇಲ್ಲಿಗೆ ಬೆಳಿಗ್ಗೆ ಬೇಡ, ಸಂಜೆ ಹೋಗಿ. ಐದೂವರೆಯಿಂದ ಕತ್ತಲಾಗುವವರೆಗೆ. ಗದ್ದೆಗಳಿಂದ ಐದು, ಹತ್ತು, ಇಪ್ಪತ್ತರ ತಂಡದಲ್ಲಿ ಬರುತ್ತವೆ. ಕೆರೆ ಮೇಲೆ ಬಂದದ್ದೇ ರೆಕ್ಕೆ ಮಡಚಿ ಕಾಲು ಕೆಳಗೆ ಬಿಟ್ಟು ಇಳಿಯುತ್ತವೆ. ಕೂತ ಮೇಲೆ ಜಾಗಕ್ಕೆ ಜಗಳ. ಹಸಿರು ಮುಂಡಿಗೆ ನೋಡನೋಡುತ್ತಾ ಬೆಳ್ಳಗಾಗುತ್ತದೆ. ಹತ್ತು ಥರದ ಹಕ್ಕಿ ಇಲ್ಲಿ ಸಿಗುವುದಿಲ್ಲ. ಒಂದು ಹಕ್ಕಿಯ ಸಂಸಾರ ಪೂರ್ತಿ ಸಿಗುತ್ತದೆ. ಮಕ್ಕಳನ್ನು ಮೊದಲ ಸಲ ಕರೆದೊಯ್ಯಲು ಇಷ್ಟು ಒಳ್ಳೆಯ ಜಾಗ ನನಗೆ ಇನ್ನೊಂದು ಗೊತ್ತಿಲ್ಲ. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಕೊಡೆ ಬೇಕು, ಕಾಲಿಗೆ ಉಂಬಳ ಹತ್ತದ ಹಾಗೆ ಸುಣ್ಣವೋ ಉಪ್ಪೋ ಇಟ್ಟುಕೊಳ್ಳಿ. ಹಗಲಿನಲ್ಲಿ ವಾದಿರಾಜ ಮಠ ನೋಡಿಕೊಂಡರೆ ದಿನ ಸರಿಹೋಗುತ್ತದೆ.

ಮುಂಡಗೋಡದ ಅತ್ತಿವೇರಿ ಪಕ್ಷಿಧಾಮ ಹುಬ್ಬಳ್ಳಿ ಕಡೆಯವರಿಗೆ ಹತ್ತಿರ. ಜಲಾಶಯದ ದಂಡೆ, ಬಯಲು ಜಾಗ. ಚಮಚ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆ ಸುಲಭಕ್ಕೆ ಕಾಣುತ್ತವೆ. ಶಾಲೆ ಮಕ್ಕಳ ದೊಡ್ಡ ಗುಂಪಾದರೆ ಇಲ್ಲಿಗೇ ಹೋಗಿ, ಗಲಾಟೆಯಾದರೂ ಹಕ್ಕಿ ದೂರದ ನೀರಲ್ಲಿರುತ್ತದೆ.

ದುಡ್ಡು ಕಟ್ಟುವ ಮುಂಚೆ

ಜಾಗ ಆರಿಸಿದ ಮೇಲೆ ಟೂರ್ ಆರಿಸಬೇಕು. ನಾನು ಮೊದಲು ಕೇಳುವುದು ಎಷ್ಟು ಜನ ಅಂತ. ಕಾಡಿನ ದಾರಿಯಲ್ಲಿ ಒಬ್ಬ ಗೈಡಿಗೆ ಎಂಟು ಜನಕ್ಕಿಂತ ಜಾಸ್ತಿ ಇದ್ದರೆ ಹಿಂದಿನವರಿಗೆ ಏನೂ ಇಲ್ಲ. ಅಳಿವೆಯ ದಂಡೆ ಅಗಲ, ಅಲ್ಲಿ ಹದಿನೈದಾದರೂ ಪರವಾಗಿಲ್ಲ. ಆಮೇಲೆ ಗೈಡ್ ಆ ಊರಿನವರಾ ಅಂತ ಕೇಳುತ್ತೇನೆ. ಹೊರಗಿನಿಂದ ಬರುವ ತಜ್ಞರಿಗೆ ಹೆಸರು ಚೆನ್ನಾಗಿ ಗೊತ್ತಿರುತ್ತದೆ. ಆದರೆ ಈ ವಾರ ಯಾವ ಬಸರಿ ಮರ ಹಣ್ಣಾಗಿದೆ ಅನ್ನುವುದು ಊರಿನ ಹುಡುಗನಿಗೇ ಗೊತ್ತು. ಮಂಗಟ್ಟೆ ಇರುವುದು ಆ ಮರದಲ್ಲಿ ಅಲ್ವಾ?

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುತ್ತೀರಾ ಅಂತಲೂ ಕೇಳಿ. "ಹೌದು, ಗ್ಯಾರಂಟಿ ತೋರಿಸ್ತೇವೆ" ಅಂದರೆ ಅವರನ್ನು ಬಿಟ್ಟುಬಿಡಿ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಹಕ್ಕಿ ಹೊಟ್ಟೆಗೆ ಹುಡುಕುವುದು ಬಿಟ್ಟು ಜಗಳಕ್ಕೆ ಬರುತ್ತದೆ. ದಿನಕ್ಕೆ ನಾಲ್ಕು ಗುಂಪು ಹೀಗೆ ಮಾಡಿದರೆ ಅದರ ಗತಿ ಏನು? ಒಂದೇ ದಿನದಲ್ಲಿ ಮೂರು ನಾಲ್ಕು ಜಾಗ ತೋರಿಸುವ ಪಟ್ಟಿಯನ್ನೂ ನಾನು ನಂಬುವುದಿಲ್ಲ. ಆ ದಿನದ ಅರ್ಧ ಬಸ್ಸಿನಲ್ಲೇ ಕಳೆಯುತ್ತದೆ.

ದುರ್ಬೀನು ಹೊಸದಾಗಿ ಕೊಳ್ಳುವವರು ಕಾಡಿಗೆ 8×42 ತೆಗೆದುಕೊಳ್ಳಿ. ನೋಟ ಅಗಲ, ಎಲೆ ಮರೆಯ ಹಕ್ಕಿ ಬೇಗ ಸಿಗುತ್ತದೆ, ಮಬ್ಬು ಬೆಳಕಿನಲ್ಲೂ ಕಾಣುತ್ತದೆ. ಅಳಿವೆಗೆ ಮಾತ್ರ ಹೋಗುವವರಿಗೆ 10×42 ಆದೀತು. ಎರಡಕ್ಕೂ ಒಂದೇ ಬೇಕು ಅಂದರೆ ಎಂಟರದ್ದೇ.

ಡಿಸೆಂಬರಿನಿಂದ ಮೇವರೆಗೆ ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆಯ ಕಾಡಿಗೆ ಬರುವವರಿಗೆ ಒಂದು ಗಟ್ಟಿ ಮಾತು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದರ ಕಾಲ ಇದೇ. ಉದ್ದ ಪ್ಯಾಂಟು, ಕಾಲುಚೀಲದೊಳಗೆ ಸಿಕ್ಕಿಸಿ. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆ ಹಚ್ಚಿಕೊಳ್ಳಿ. ಒಣ ಎಲೆ ಮೇಲೆ ಕೂರಬೇಡಿ. ಮಂಗ ಸತ್ತಿದೆ ಅಂತ ಸುದ್ದಿ ಇದ್ದ ಕಡೆಗೆ ಹೋಗಲೇಬೇಡಿ. ವಾಪಸ್ ಬಂದು ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ಮುಂದಿನ ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಎಷ್ಟೋ ಜನ ಕೊನೆಗೆ ಕೇಳುವುದು, "ನೀವಾದರೆ ಯಾವುದು?" ಚಳಿಗಾಲದ ಒಂದೇ ದಿನ, ಇಳಿತ ಬೆಳಿಗ್ಗೆ ಇದ್ದರೆ ನಾನು ಅಘನಾಶಿನಿಗೆ ಹೋಗುತ್ತೇನೆ. ಇಳಿತ ಹೊಂದದಿದ್ದರೆ ಹಿಂದಿನ ರಾತ್ರಿ ಗಣೇಶಗುಡಿಗೆ. ಅಘನಾಶಿನಿಗೆ ಹೋದಾಗ ಇನ್ನರ್ಧ ದಿನ ಹೆಚ್ಚಿಗೆ ಸಿಕ್ಕರೆ ಕುಮಟಾದಲ್ಲಿ ಊಟ ಮುಗಿಸಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬನ್ನಿ. ರಾತ್ರಿ ಉಳಿದು, ಬೆಳಿಗ್ಗೆ ಆರಕ್ಕೆ ಯಾವುದಾದರೂ ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ತೋಟದವರನ್ನು ಕೇಳಿ ನಿಂತುಕೊಳ್ಳಿ. ಭೀಮರಾಜ, ಹೊನ್ನಕ್ಕಿ, ಮರಕುಟಿಗ, ಸೂರಕ್ಕಿ ಎಲ್ಲ ಅಲ್ಲೇ ಬರುತ್ತವೆ. ಎಂಟು ಗಂಟೆಗೆ ತೋಟದವರೇ ಕರೆದು ತೆಳ್ಳೇವು (ತೆಳು ದೋಸೆ) ಕೊಡುತ್ತಾರೆ.